ಜಾಲ ಸ್ವಯಂಚಾಲನಾ ವೇದಿಕೆಯನ್ನು ಕಂಟೇನರ್ ಸಮೂಹದ ಮೇಲೆ ಸ್ಥಾಪಿಸುವ ವಿಧಾನ: ಅರ್ಜಿದಾರರ ತಿಳುವಳಿಕೆಗಾಗಿ ವಿವರಣೆ

1. ಪ್ರಸ್ತಾವನೆ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಹಣಿ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳಿಗಾಗಿ ನಾಡಕಛೇರಿಗೆ ಅಥವಾ ತಾಲ್ಲೂಕು ಕಛೇರಿಗೆ ಬರುವ ಅರ್ಜಿದಾರರು ಕೆಲವೊಮ್ಮೆ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರವನ್ನು ಪಡೆದು ಹಿಂದಿರುಗುತ್ತಾರೆ. ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ ವೆಚ್ಚ ಭರಿಸಿ ಬಂದವರಿಗೆ ಇದರಿಂದಾಗುವ ನಷ್ಟ ಸಣ್ಣದಲ್ಲ. ಶಾಲಾ ಪ್ರವೇಶ ಅಥವಾ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ನಷ್ಟವು ಇನ್ನೂ ಹೆಚ್ಚು.

"ಸರ್ವರ್ ಇಲ್ಲ" ಎಂಬ ಒಂದೇ ಮಾತಿನ ಹಿಂದೆ ಸಾಮಾನ್ಯವಾಗಿ ನಾಲ್ಕು ಬಗೆಯ ಕಾರಣಗಳಿರುತ್ತವೆ.

(ಅ) ಕಛೇರಿಯಲ್ಲಿ ವಿದ್ಯುತ್ ಇಲ್ಲದಿರುವುದು.
(ಆ) ರಸ್ತೆ ಅಗೆತ ಮುಂತಾದವುಗಳಿಂದ ಕೇಬಲ್ ತುಂಡಾಗಿರುವುದು.
(ಇ) ದತ್ತಾಂಶ ಕೇಂದ್ರದಲ್ಲಿರುವ ಸರ್ವರ್ ಅಥವಾ ತಂತ್ರಾಂಶವು ಸ್ಥಗಿತವಾಗಿರುವುದು.
(ಈ) ಜಾಲದ ಉಪಕರಣಗಳಲ್ಲಿ ಮಾಡಲಾದ ಯಾವುದೋ ಬದಲಾವಣೆ ತಪ್ಪಾಗಿರುವುದು.

ಮೊದಲ ಮೂರು ಕಾರಣಗಳು ಸಾಕಷ್ಟು ಪರಿಚಿತವಾದುವು. ನಾಲ್ಕನೆಯದು ಸಂಪೂರ್ಣವಾಗಿ ಕಾರ್ಯವಿಧಾನಕ್ಕೆ ಸಂಬಂಧಿಸಿದ್ದು, ಶಿಸ್ತಿನಿಂದ ಬಹುಮಟ್ಟಿಗೆ ತಡೆಯಬಹುದಾದದ್ದು. ಈ ಶಿಸ್ತನ್ನು ತರುವ ಸಲುವಾಗಿ ಬಳಸಲಾಗುವ ಜಾಲ ಸ್ವಯಂಚಾಲನಾ ವೇದಿಕೆ ಎಂದರೇನು, ಅದನ್ನು ಕಂಟೇನರ್ ಸಮೂಹದ ಮೇಲೆ ಹೇಗೆ ಸ್ಥಾಪಿಸಲಾಗುತ್ತದೆ ಹಾಗೂ ಇದರಿಂದ ಅರ್ಜಿದಾರರಿಗೆ ಏನು ಪ್ರಯೋಜನ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಉದಾಹರಣೆಗಾಗಿ ಎಡಬ್ಲ್ಯೂಎಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ತೆಗೆದುಕೊಳ್ಳಲಾಗಿದೆ. ಇತರ ವೇದಿಕೆಗಳಿಗೂ ಮೂಲ ತತ್ವಗಳು ಇವೇ ಆಗಿರುತ್ತವೆ.

2. ಅರ್ಜಿಯು ಸಾಗುವ ದಾರಿ

ಗಣಕೀಕರಣದ ಆರಂಭದ ವರ್ಷಗಳಲ್ಲಿ ಪಹಣಿಯ ದತ್ತಾಂಶವು ಆಯಾ ತಾಲ್ಲೂಕು ಕಛೇರಿಯ ಸರ್ವರ್‌ನಲ್ಲಿಯೇ ಇರುತ್ತಿತ್ತು. ನಂತರ ದತ್ತಾಂಶವು ರಾಜ್ಯಮಟ್ಟದ ದತ್ತಾಂಶ ಕೇಂದ್ರಕ್ಕೆ ಬಂದಿತು. ಇದರಿಂದ ಯಾವುದೇ ಕಛೇರಿಯಲ್ಲಿ ಸೇವೆ ಪಡೆಯಲು ಅನುಕೂಲವಾಯಿತು. ಆದರೆ ಕೌಂಟರಿನಲ್ಲಿರುವ ಗಣಕಯಂತ್ರವು ಪ್ರತಿಯೊಂದು ಅರ್ಜಿಗೂ ದೂರದ ಕೇಂದ್ರವನ್ನು ಸಂಪರ್ಕಿಸಲೇಬೇಕಾಯಿತು.

ಈ ಸಂಪರ್ಕಕ್ಕಾಗಿ ಭಾರತ ಸರ್ಕಾರವು 2005ರಲ್ಲಿ ರಾಜ್ಯ ವ್ಯಾಪಕ ಜಾಲ ಯೋಜನೆಗೆ ಅನುಮೋದನೆ ನೀಡಿತು. ರಾಜ್ಯ ಕೇಂದ್ರ, ಜಿಲ್ಲಾ ಕೇಂದ್ರ ಮತ್ತು ತಾಲ್ಲೂಕು ಎಂಬ ಮೂರು ಹಂತಗಳಲ್ಲಿ, ಕನಿಷ್ಠ 2 ಎಂಬಿಪಿಎಸ್ ಸಾಮರ್ಥ್ಯದ ಸಂಪರ್ಕ ಕಲ್ಪಿಸುವುದು ಸದರಿ ಯೋಜನೆಯ ಉದ್ದೇಶವಾಗಿತ್ತು. ಕರ್ನಾಟಕದಲ್ಲಿ ಈ ಜಾಲವು ಕೆ-ಸ್ವಾನ್ ಎಂಬ ಹೆಸರಿನಿಂದ ಪರಿಚಿತವಾಗಿದೆ.

ಪ್ರತಿ ಹಂತದಲ್ಲಿಯೂ ರೂಟರ್ ಮತ್ತು ಸ್ವಿಚ್ ಎಂಬ ಉಪಕರಣಗಳಿರುತ್ತವೆ. ಟಪಾಲು ಶಾಖೆಯಲ್ಲಿ ಯಾವ ಪತ್ರವನ್ನು ಯಾವ ಶಾಖೆಗೆ ಕಳುಹಿಸಬೇಕೆಂದು ವಿಂಗಡಿಸುವಂತೆ, ರೂಟರ್ ತನ್ನ ಬಳಿ ಬಂದ ಮಾಹಿತಿಯನ್ನು ಯಾವ ದಾರಿಗೆ ಕಳುಹಿಸಬೇಕೆಂದು ನಿರ್ಧರಿಸುತ್ತದೆ. ಹೀಗೆ ನಿರ್ಧರಿಸಲು ಅದರೊಳಗೆ ಬರೆದಿಟ್ಟಿರುವ ಸೂಚನೆಗಳಿಗೆ ಸಂರಚನೆ ಎನ್ನುತ್ತಾರೆ. ಸಂರಚನೆಯ ಒಂದು ಸಾಲು ತಪ್ಪಿದರೂ ಆ ಕಛೇರಿಯ ಎಲ್ಲ ಕೌಂಟರುಗಳು ಒಮ್ಮೆಗೇ ನಿಲ್ಲಬಹುದು.

3. ಕೈಯಿಂದ ಮಾಡುವ ಬದಲಾವಣೆಯ ತೊಂದರೆಗಳು

ಹಳೆಯ ಪದ್ಧತಿಯಲ್ಲಿ ತಂತ್ರಜ್ಞರು ಪ್ರತಿಯೊಂದು ರೂಟರ್‌ಗೂ ಪ್ರತ್ಯೇಕವಾಗಿ ಲಾಗಿನ್ ಆಗಿ ಸೂಚನೆಗಳನ್ನು ಬೆರಳಚ್ಚು ಮಾಡುತ್ತಾರೆ. ಭದ್ರತೆಯ ಸಲುವಾಗಿ ಒಂದು ಗುಪ್ತಪದವನ್ನು ಬದಲಾಯಿಸಬೇಕಾದಲ್ಲಿ ಇದೇ ಕೆಲಸವನ್ನು 200 ಕಛೇರಿಗಳಿಗೆ 200 ಬಾರಿ ಮಾಡಬೇಕಾಗುತ್ತದೆ. ಪ್ರತಿ ಉಪಕರಣಕ್ಕೆ 10 ನಿಮಿಷ ಎಂದು ಹಿಡಿದರೂ 2,000 ನಿಮಿಷ, ಅಂದರೆ 33 ಗಂಟೆಗೂ ಮೀರಿದ ಕೆಲಸ. ಇದರಲ್ಲಿ ಮೂರು ದೋಷಗಳಿವೆ.

ಮೊದಲನೆಯದಾಗಿ, ಕೆಲವು ಕಛೇರಿಗಳು ಬಿಟ್ಟುಹೋಗುತ್ತವೆ ಅಥವಾ ಕೆಲವೆಡೆ ಸಾಲು ತಪ್ಪಾಗುತ್ತದೆ. ಎರಡನೆಯದಾಗಿ, ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬ ದಾಖಲೆ ಪೂರ್ಣವಾಗಿರುವುದಿಲ್ಲ. ಮೂರನೆಯದಾಗಿ, ಕಾಗದದ ಮೇಲಿನ ನಕ್ಷೆಗೂ ಉಪಕರಣದಲ್ಲಿರುವ ವಾಸ್ತವಕ್ಕೂ ವರ್ಷಗಳು ಕಳೆದಂತೆ ಅಂತರ ಬೆಳೆಯುತ್ತದೆ. ಲೆಕ್ಕಪತ್ರ ಬಲ್ಲವರಿಗೆ ಇದು ಹೊಸದಲ್ಲ: ನಗದು ಪುಸ್ತಕವನ್ನೂ ಬ್ಯಾಂಕಿನ ಪಾಸ್ ಪುಸ್ತಕವನ್ನೂ ತಾಳೆ ನೋಡದೆ ಬಿಟ್ಟರೆ ಎರಡರ ಶಿಲ್ಕು ಬೇರೆ ಬೇರೆಯಾಗುವುದು ನಿಶ್ಚಿತ.

4. ಜಾಲ ಸ್ವಯಂಚಾಲನಾ ವೇದಿಕೆ ಎಂದರೇನು?

ಮಾಡಬೇಕಾದ ಬದಲಾವಣೆಯನ್ನು ಮೊದಲು ಒಂದು ಕಡತದಲ್ಲಿ ಬರೆದು, ಪರಿಶೀಲಿಸಿ, ಅನುಮೋದಿಸಿ, ನಂತರ ಅದೇ ಕಡತವನ್ನು ಎಲ್ಲ ಉಪಕರಣಗಳಿಗೂ ಒಂದೇ ರೀತಿಯಲ್ಲಿ ಜಾರಿಗೊಳಿಸಿ, ಫಲಿತಾಂಶವನ್ನು ದಾಖಲಿಸುವ ತಂತ್ರಾಂಶವೇ ಜಾಲ ಸ್ವಯಂಚಾಲನಾ ವೇದಿಕೆ.

ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಆನ್ಸಿಬಲ್ ಎಂಬ ಸಾಧನವು 2012ರಲ್ಲಿ ಬಿಡುಗಡೆಯಾಯಿತು. ಅದನ್ನು ರೂಪಿಸಿದ ಸಂಸ್ಥೆಯನ್ನು 2015ರಲ್ಲಿ ರೆಡ್ ಹ್ಯಾಟ್ ಕಂಪನಿಯು ಖರೀದಿಸಿತು. ಆನ್ಸಿಬಲ್‌ಗೆ ಬ್ರೌಸರ್ ಮೂಲಕ ಬಳಸುವ ಆಡಳಿತ ಪುಟ, ಬಳಕೆದಾರರ ಅಧಿಕಾರ ಹಂಚಿಕೆ ಮತ್ತು ದಾಖಲೆಗಳ ವ್ಯವಸ್ಥೆಯನ್ನು ಒದಗಿಸುವ ತಂತ್ರಾಂಶವನ್ನು 2017ರಲ್ಲಿ ಎಡಬ್ಲ್ಯೂಎಕ್ಸ್ ಎಂಬ ಹೆಸರಿನಲ್ಲಿ ಮುಕ್ತ ತಂತ್ರಾಂಶವಾಗಿ ಪ್ರಕಟಿಸಲಾಯಿತು.

ಇದರ ಮುಖ್ಯ ಭಾಗಗಳನ್ನು ಸರ್ಕಾರಿ ಕಛೇರಿಯ ಪರಿಭಾಷೆಯಲ್ಲಿ ಹೀಗೆ ತಿಳಿಯಬಹುದು.

- ಪ್ಲೇಬುಕ್: ಏನು ಮಾಡಬೇಕೆಂಬ ಲಿಖಿತ ಆದೇಶ. ಇದನ್ನು ಯಾಮಲ್ ಎಂಬ ಸರಳ ಪಠ್ಯ ರೂಪದಲ್ಲಿ ಬರೆಯಲಾಗುತ್ತದೆ.
- ಇನ್ವೆಂಟರಿ: ಉಪಕರಣಗಳ ದಾಸ್ತಾನು ವಹಿ. ಇದಕ್ಕಾಗಿ 2016ರಲ್ಲಿ ಮುಕ್ತವಾಗಿ ಪ್ರಕಟವಾದ ನೆಟ್‌ಬಾಕ್ಸ್ ಎಂಬ ತಂತ್ರಾಂಶವನ್ನು ಅನೇಕ ಸಂಸ್ಥೆಗಳು ಬಳಸುತ್ತವೆ.
- ಗಿಟ್ ಭಂಡಾರ: ಆದೇಶಗಳ ಎಲ್ಲ ಆವೃತ್ತಿಗಳನ್ನು ದಿನಾಂಕ ಸಹಿತ ಕಾಯ್ದಿಡುವ ದಾಖಲೆ ಕೊಠಡಿ.
- ಕ್ರೆಡೆನ್ಷಿಯಲ್: ಉಪಕರಣಗಳ ಗುಪ್ತಪದಗಳು. ಇವುಗಳನ್ನು ಗೂಢಲಿಪಿಯಲ್ಲಿ ಇಡಲಾಗುತ್ತದೆ. ಕೆಲಸವನ್ನು ನಡೆಸುವ ಸಿಬ್ಬಂದಿಗೂ ಅವು ಕಾಣಿಸುವುದಿಲ್ಲ.
- ಅನುಮೋದನೆಯ ಹಂತ: ವಿಷಯ ನಿರ್ವಾಹಕರು ಮಂಡಿಸಿದ ಟಿಪ್ಪಣಿಗೆ ಮೇಲಧಿಕಾರಿಗಳು ಒಪ್ಪಿಗೆ ನೀಡುವಂತೆ, ಅಧಿಕಾರವುಳ್ಳವರು ಒಪ್ಪುವವರೆಗೆ ಕೆಲಸವು ಮುಂದುವರಿಯದಂತೆ ನಿಲ್ಲಿಸುವ ವ್ಯವಸ್ಥೆ.

5. ಕಂಟೇನರ್ ಮತ್ತು ಕಂಟೇನರ್ ಸಮೂಹ

ಒಂದು ತಂತ್ರಾಂಶವು ಕೆಲಸ ಮಾಡಲು ಬೇಕಾದ ಎಲ್ಲ ಪೂರಕ ಕಡತಗಳನ್ನೂ ಒಟ್ಟಿಗೆ ಸೇರಿಸಿ ಕಟ್ಟಿದ ಪೆಟ್ಟಿಗೆಗೆ ಕಂಟೇನರ್ ಎನ್ನಲಾಗುತ್ತದೆ. ಈ ಪೆಟ್ಟಿಗೆಯನ್ನು ಯಾವ ಸರ್ವರ್ ಮೇಲೆ ಇಟ್ಟರೂ ಅದು ಒಂದೇ ರೀತಿಯಲ್ಲಿ ಕೆಲಸ ಮಾಡುತ್ತದೆ. 2013ರಲ್ಲಿ ಬಂದ ಡಾಕರ್ ಎಂಬ ಸಾಧನದಿಂದ ಈ ವಿಧಾನವು ವ್ಯಾಪಕವಾಯಿತು.

ಹಲವು ಸರ್ವರ್‌ಗಳನ್ನು ಒಂದುಗೂಡಿಸಿ, ಯಾವ ಕಂಟೇನರ್ ಎಲ್ಲಿ ನಡೆಯಬೇಕು, ಒಂದು ಸರ್ವರ್ ಕೆಟ್ಟರೆ ಅದರ ಕೆಲಸವನ್ನು ಯಾವುದು ವಹಿಸಿಕೊಳ್ಳಬೇಕು ಎಂಬುದನ್ನು ನೋಡಿಕೊಳ್ಳುವ ವ್ಯವಸ್ಥೆಗೆ ಕಂಟೇನರ್ ಸಮೂಹ ಅಥವಾ ಕ್ಲಸ್ಟರ್ ಎನ್ನುತ್ತಾರೆ. ಗೂಗಲ್ ಸಂಸ್ಥೆಯು 2014ರಲ್ಲಿ ಪ್ರಕಟಿಸಿ, 2015ರಲ್ಲಿ ಮೊದಲ ಪೂರ್ಣ ಆವೃತ್ತಿಯೊಂದಿಗೆ ಸ್ವತಂತ್ರ ಪ್ರತಿಷ್ಠಾನಕ್ಕೆ ಒಪ್ಪಿಸಿದ ಕುಬರ್ನೆಟೀಸ್ ಎಂಬ ತಂತ್ರಾಂಶವು ಇದಕ್ಕಾಗಿ ಬಳಕೆಯಲ್ಲಿದೆ.

ಕುಬರ್ನೆಟೀಸ್ ಕೆಲಸ ಮಾಡುವ ರೀತಿಯು ತಾಳೆ ನೋಡುವ ರೀತಿಯೇ ಆಗಿದೆ. "ಈ ಕಂಟೇನರಿನ 2 ಪ್ರತಿಗಳು ಸದಾ ನಡೆಯುತ್ತಿರಬೇಕು" ಎಂದು ಬರೆದಿಟ್ಟರೆ, ಅದು ಬರಹವನ್ನೂ ವಾಸ್ತವವನ್ನೂ ನಿರಂತರವಾಗಿ ಹೋಲಿಸಿ, ವ್ಯತ್ಯಾಸ ಕಂಡುಬಂದ ಕೂಡಲೇ ಸರಿಪಡಿಸುತ್ತದೆ. ಸಮೂಹದ ಸ್ಥಿತಿಯನ್ನು ದಾಖಲಿಸುವ ಆಡಳಿತ ಸರ್ವರ್‌ಗಳನ್ನು ಬೆಸ ಸಂಖ್ಯೆಯಲ್ಲಿ ಇಡಲಾಗುತ್ತದೆ. ಏಕೆಂದರೆ ಯಾವುದೇ ನಿರ್ಣಯಕ್ಕೆ ಬಹುಮತ ಬೇಕು. 3 ಸರ್ವರ್‌ಗಳಿದ್ದಲ್ಲಿ 1 ಕೆಟ್ಟರೂ, 5 ಇದ್ದಲ್ಲಿ 2 ಕೆಟ್ಟರೂ ಕೆಲಸ ನಡೆಯುತ್ತದೆ. 4 ಇಟ್ಟರೆ 3ಕ್ಕಿಂತ ಹೆಚ್ಚಿನ ಪ್ರಯೋಜನವಿಲ್ಲ, ಆಗಲೂ 1 ಮಾತ್ರ ಕೆಡಬಹುದು.

6. ಸ್ಥಾಪನೆಯ ಹಂತಗಳು

ಎಡಬ್ಲ್ಯೂಎಕ್ಸ್ ವೇದಿಕೆಯನ್ನು ಸಮೂಹದ ಮೇಲೆ ಸ್ಥಾಪಿಸಲು ಆಪರೇಟರ್ ಎಂಬ ಸಹಾಯಕ ತಂತ್ರಾಂಶವಿದೆ. ವೇದಿಕೆ ಹೇಗಿರಬೇಕೆಂದು ಬರೆದುಕೊಟ್ಟರೆ, ಅದರಂತೆ ಎಲ್ಲ ಭಾಗಗಳನ್ನು ನಿರ್ಮಿಸಿ ಕಾಯ್ದುಕೊಳ್ಳುವುದು ಇದರ ಕೆಲಸ. ಹಂತಗಳು ಕೆಳಕಂಡಂತಿವೆ.

(1) ಸಮೂಹದಲ್ಲಿ ಈ ವೇದಿಕೆಗೆಂದೇ ಪ್ರತ್ಯೇಕ ವಿಭಾಗವನ್ನು ರಚಿಸಲಾಗುತ್ತದೆ. ಇತರ ಇಲಾಖೆಯ ತಂತ್ರಾಂಶಗಳೊಂದಿಗೆ ಬೆರೆಯದಂತೆ ತಡೆಯುವುದು ಇದರ ಉದ್ದೇಶ.

(2) ಬೇಕಾದ ಕಂಟೇನರ್ ಪೆಟ್ಟಿಗೆಗಳನ್ನು ಸ್ಥಳೀಯ ಭಂಡಾರಕ್ಕೆ ತಂದು ಪರೀಕ್ಷಿಸಿ ಇಡಲಾಗುತ್ತದೆ. ಸರ್ಕಾರಿ ದತ್ತಾಂಶ ಕೇಂದ್ರಗಳಲ್ಲಿ ಹೊರಗಿನ ಅಂತರ್ಜಾಲಕ್ಕೆ ನೇರ ಸಂಪರ್ಕವನ್ನು ನಿರ್ಬಂಧಿಸುವುದು ರೂಢಿ. ಆದ್ದರಿಂದ ಸ್ಥಳೀಯ ಭಂಡಾರವಿಲ್ಲದಿದ್ದಲ್ಲಿ ಒಂದು ಕಂಟೇನರನ್ನು ಮರುಪ್ರಾರಂಭಿಸುವುದೂ ಕಷ್ಟವಾಗುತ್ತದೆ.

(3) ಆಪರೇಟರ್ ಅನ್ನು ನಿರ್ದಿಷ್ಟ ಆವೃತ್ತಿ ಸಂಖ್ಯೆಯನ್ನು ನಮೂದಿಸಿ ಸ್ಥಾಪಿಸಲಾಗುತ್ತದೆ. "ಇತ್ತೀಚಿನದು" ಎಂದಷ್ಟೇ ಬರೆದರೆ, ಇಂದು ಸ್ಥಾಪಿಸಿದ್ದೂ ಮುಂದಿನ ತಿಂಗಳು ತಾನಾಗಿ ಬರುವುದೂ ಒಂದೇ ಆಗಿರುವುದಿಲ್ಲ.

(4) ವೇದಿಕೆಯ ವಿವರವನ್ನು ಒಂದು ಯಾಮಲ್ ಕಡತದಲ್ಲಿ ಬರೆದು ಸಮೂಹಕ್ಕೆ ಸಲ್ಲಿಸಲಾಗುತ್ತದೆ. ಆಪರೇಟರ್ ಅದನ್ನು ಓದಿ, ಬ್ರೌಸರಿಗೆ ಉತ್ತರಿಸುವ ಭಾಗ, ಕೆಲಸಗಳನ್ನು ಹಂಚುವ ಭಾಗ ಮತ್ತು ಪೋಸ್ಟ್‌ಗ್ರೆಸ್ ದತ್ತಸಂಚಯವನ್ನು ರಚಿಸುತ್ತದೆ. ಆಡಳಿತಗಾರರ ಮೊದಲ ಗುಪ್ತಪದವನ್ನೂ ಅದೇ ಸೃಷ್ಟಿಸಿ ಸಮೂಹದ ರಹಸ್ಯ ವಿಭಾಗದಲ್ಲಿ ಇಡುತ್ತದೆ. ಅದನ್ನು ಕೂಡಲೇ ಬದಲಾಯಿಸತಕ್ಕದ್ದು.

(5) ದತ್ತಸಂಚಯಕ್ಕೆ ಶಾಶ್ವತ ಸಂಗ್ರಹ ಸ್ಥಳವನ್ನು ನಿಗದಿಪಡಿಸಲಾಗುತ್ತದೆ. ಕಂಟೇನರ್‌ಗಳು ಸ್ವಭಾವತಃ ತಾತ್ಕಾಲಿಕವಾದುವು. ಈ ಸ್ಥಳವಿಲ್ಲದಿದ್ದರೆ ಕಂಟೇನರಿನೊಂದಿಗೆ ದಾಖಲೆಗಳೂ ಅಳಿಸಿಹೋಗುತ್ತವೆ.

(6) ಸುರಕ್ಷಿತ ಪ್ರವೇಶ ದ್ವಾರ, ಬಳಕೆದಾರರ ಗುಂಪುಗಳು ಮತ್ತು ಅವರ ಅಧಿಕಾರ ಮಿತಿಗಳನ್ನು ಗೊತ್ತುಪಡಿಸಲಾಗುತ್ತದೆ.

(7) ಪ್ರತಿ ಕೆಲಸವೂ ತನ್ನದೇ ಆದ ತಾತ್ಕಾಲಿಕ ಕಂಟೇನರಿನಲ್ಲಿ ನಡೆದು, ಮುಗಿದ ನಂತರ ಆ ಕಂಟೇನರ್ ತೆಗೆದುಹಾಕಲ್ಪಡುತ್ತದೆ. ಒಂದು ಕೆಲಸದ ದೋಷವು ಮತ್ತೊಂದಕ್ಕೆ ತಗುಲದಂತೆ ಇದು ತಡೆಯುತ್ತದೆ.

7. ಸ್ಥಾಪನೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶಗಳು

ಮೇಲ್ಕಂಡ ಹಂತಗಳು ಒಂದು ದಿನದಲ್ಲಿ ಮುಗಿಯಬಹುದಾದವು. ಆದರೆ ಕೆಳಕಂಡ ಅಂಶಗಳನ್ನು ಕಡೆಗಣಿಸಿದಲ್ಲಿ ವೇದಿಕೆಯೇ ತೊಂದರೆಗೆ ಕಾರಣವಾಗಬಹುದು.

ವಿಳಾಸಗಳ ಘರ್ಷಣೆ: ಖಾಸಗಿ ಜಾಲಗಳಿಗೆಂದು 1996ರ ಅಂತರರಾಷ್ಟ್ರೀಯ ತಾಂತ್ರಿಕ ದಾಖಲೆಯೊಂದರಲ್ಲಿ ಮೂರು ವಿಳಾಸ ಶ್ರೇಣಿಗಳನ್ನು ಮೀಸಲಿಡಲಾಗಿದೆ. ಅವುಗಳಲ್ಲಿ 10ರಿಂದ ಆರಂಭವಾಗುವ ಶ್ರೇಣಿಯು ಅತ್ಯಂತ ದೊಡ್ಡದು. ದೊಡ್ಡ ಜಾಲಗಳು ಸಾಮಾನ್ಯವಾಗಿ ಇದನ್ನೇ ಬಳಸುತ್ತವೆ. ಕುಬರ್ನೆಟೀಸ್ ಕೂಡ ತನ್ನ ಆಂತರಿಕ ಸೇವೆಗಳಿಗೆ ಇದೇ ಶ್ರೇಣಿಯ ಭಾಗವನ್ನು ತೆಗೆದುಕೊಳ್ಳುತ್ತದೆ. ಕ್ಯೂಬ್‌ಅಡ್ಮ್ ಸಾಧನದ ಮೂಲಕ ಸ್ಥಾಪಿಸಿದಾಗ, ಬೇರೆ ಸೂಚನೆ ನೀಡದಿದ್ದಲ್ಲಿ, ಅದು 10.96.0.0ರಿಂದ 10.111.255.255ರವರೆಗಿನ ವಿಳಾಸಗಳು. ಯಾವುದಾದರೂ ತಾಲ್ಲೂಕಿನ ರೂಟರ್ ಈ ವಿಳಾಸಗಳ ಪೈಕಿ ಒಂದನ್ನು ಹೊಂದಿದ್ದಲ್ಲಿ, ವೇದಿಕೆಯು ಅದನ್ನು ತಲುಪುವ ಭರವಸೆ ಇರುವುದಿಲ್ಲ. ಆ ಕಛೇರಿಯು ಸರಿಯಾಗಿ ಕೆಲಸ ಮಾಡುತ್ತಿದ್ದರೂ ವೇದಿಕೆಯ ಪಟ್ಟಿಯಲ್ಲಿ ಸ್ಥಗಿತವೆಂದು ತೋರಬಹುದು. ಆದ್ದರಿಂದ ಸ್ಥಾಪನೆಗೆ ಮೊದಲೇ ದಾಸ್ತಾನು ವಹಿಯೊಂದಿಗೆ ವಿಳಾಸಗಳನ್ನು ತಾಳೆ ನೋಡಬೇಕು. ಸಮೂಹವನ್ನು ಸ್ಥಾಪಿಸಿದ ನಂತರ ಈ ಶ್ರೇಣಿಯನ್ನು ಬದಲಾಯಿಸುವುದು ಸುಲಭವಲ್ಲ.

ಅನುಮತಿ ಪಟ್ಟಿ: ರೂಟರ್‌ಗಳು ಗೊತ್ತುಪಡಿಸಿದ ವಿಳಾಸಗಳಿಂದ ಮಾತ್ರ ಆದೇಶ ಸ್ವೀಕರಿಸುತ್ತವೆ. ಕಂಟೇನರಿನಿಂದ ಹೊರಡುವ ಸಂಪರ್ಕವು ಸಾಮಾನ್ಯವಾಗಿ ಅದು ಆ ಕ್ಷಣದಲ್ಲಿ ನಡೆಯುತ್ತಿರುವ ಸರ್ವರಿನ ವಿಳಾಸವನ್ನು ಹೊತ್ತಿರುತ್ತದೆ. ಇಂದು ಮೊದಲನೆಯ ಸರ್ವರಿನಲ್ಲಿ ನಡೆದ ಕೆಲಸವು ನಾಳೆ ಮೂರನೆಯ ಸರ್ವರಿನಲ್ಲಿ ನಡೆಯಬಹುದು. ಪಟ್ಟಿಯಲ್ಲಿ ಒಂದೇ ಸರ್ವರಿನ ವಿಳಾಸವಿದ್ದಲ್ಲಿ ಕೆಲಸವು ಒಂದು ದಿನ ಯಶಸ್ವಿಯಾಗಿ ಮರುದಿನ ವಿಫಲವಾಗುತ್ತದೆ. ಕೆಲಸ ನಡೆಯಬಹುದಾದ ಎಲ್ಲ ಸರ್ವರ್‌ಗಳ ವಿಳಾಸಗಳೂ ಪಟ್ಟಿಯಲ್ಲಿರಬೇಕು ಅಥವಾ ಹೊರಹೋಗುವ ದಾರಿಗೆ ಒಂದೇ ಸ್ಥಿರ ವಿಳಾಸವಿರಬೇಕು.

ದತ್ತಸಂಚಯ: ಒಂದು ಸರ್ವರ್ ಸಂಪರ್ಕಕ್ಕೆ ಸಿಗದಿದ್ದಲ್ಲಿ ಸಮೂಹವು, ಮಾಮೂಲು ನಿಗದಿಯಂತೆ, 5 ನಿಮಿಷಕ್ಕೂ ಸ್ವಲ್ಪ ಹೆಚ್ಚು ಕಾಲ ಕಾದು, ಅಲ್ಲಿದ್ದ ಸಾಮಾನ್ಯ ಕಂಟೇನರ್‌ಗಳನ್ನು ಬೇರೆಡೆ ಆರಂಭಿಸುತ್ತದೆ. ಆದರೆ ದತ್ತಸಂಚಯದ ಕಂಟೇನರನ್ನು ಹಾಗೆ ತಾನಾಗಿ ಆರಂಭಿಸುವುದಿಲ್ಲ. ಹಳೆಯದು ನಿಜವಾಗಿಯೂ ನಿಂತಿದೆಯೇ ಎಂಬುದು ಖಚಿತವಾಗದೆ ಹೊಸದನ್ನು ಆರಂಭಿಸಿದರೆ, ಒಂದೇ ಲೆಡ್ಜರಿನಲ್ಲಿ ಇಬ್ಬರು ಏಕಕಾಲಕ್ಕೆ ಬರೆದಂತಾಗುತ್ತದೆ. ಆದ್ದರಿಂದ "ಸಮೂಹದ ಮೇಲಿದೆ, ಎಲ್ಲವೂ ತಾನಾಗಿ ಸರಿಹೋಗುತ್ತದೆ" ಎಂಬ ಭಾವನೆ ಸರಿಯಲ್ಲ. ದತ್ತಸಂಚಯಕ್ಕೆ ಪ್ರತ್ಯೇಕ ಪ್ರತಿ ಹಾಗೂ ಪ್ರತ್ಯೇಕ ನಿಗಾ ಅಗತ್ಯ.

ಬೀಗ ಮತ್ತು ಕೀಲಿ: ಗುಪ್ತಪದಗಳನ್ನು ಗೂಢಲಿಪಿಗೆ ಪರಿವರ್ತಿಸುವ ರಹಸ್ಯ ಕೀಲಿಯು ದತ್ತಸಂಚಯದಲ್ಲಿ ಇರುವುದಿಲ್ಲ, ಸಮೂಹದ ರಹಸ್ಯ ವಿಭಾಗದಲ್ಲಿರುತ್ತದೆ. ದತ್ತಸಂಚಯದ ಪ್ರತಿಯನ್ನು ಮಾತ್ರ ಕಾಯ್ದಿಟ್ಟು ಈ ಕೀಲಿಯನ್ನು ಮರೆತಲ್ಲಿ, ಖಜಾನೆಯ ಪೆಟ್ಟಿಗೆ ಉಳಿದು ಬೀಗದ ಕೈ ಕಳೆದಂತಾಗುತ್ತದೆ. ಆಪರೇಟರ್ ಒದಗಿಸುವ ಬ್ಯಾಕಪ್ ವಿಧಾನವು ಎರಡನ್ನೂ ಒಟ್ಟಿಗೆ ಉಳಿಸುತ್ತದೆ. ಪ್ರತಿ ತೆಗೆದರಷ್ಟೇ ಸಾಲದು, ಅದರಿಂದ ವೇದಿಕೆಯನ್ನು ಮರಳಿ ನಿರ್ಮಿಸಿ ನೋಡುವ ಅಭ್ಯಾಸವೂ ನಿಯತವಾಗಿ ನಡೆಯಬೇಕು.

ಆವೃತ್ತಿ ಮತ್ತು ಬೆಂಬಲ: ಕುಬರ್ನೆಟೀಸ್‌ನ ಪ್ರತಿ ಆವೃತ್ತಿಗೆ ಸುಮಾರು 14 ತಿಂಗಳು ಮಾತ್ರ ಭದ್ರತಾ ಪರಿಷ್ಕರಣೆಗಳು ದೊರೆಯುತ್ತವೆ. ಎಡಬ್ಲ್ಯೂಎಕ್ಸ್ ವಿಷಯದಲ್ಲಿ 2024ರ ಜುಲೈ ತಿಂಗಳ 24.6.1 ಆವೃತ್ತಿಯ ನಂತರ, ಆಂತರಿಕ ಪುನಾರಚನೆಗಾಗಿ ಬಿಡುಗಡೆಗಳನ್ನು ತಡೆಹಿಡಿಯುವುದಾಗಿ ಪ್ರಕಟಿಸಲಾಯಿತು. ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ ಎಂಬುದು ನಿಜ. ಆದರೆ ಪರಿಷ್ಕರಣೆ, ತರಬೇತಿ ಮತ್ತು ನಿರ್ವಹಣೆಯ ವೆಚ್ಚವು ಪ್ರತಿ ವರ್ಷದ ಆಯವ್ಯಯದಲ್ಲಿ ಇರಲೇಬೇಕು. ಭಾರತ ಸರ್ಕಾರದ 2015ರ ಮುಕ್ತ ತಂತ್ರಾಂಶ ನೀತಿಯೂ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವುದರ ಜೊತೆಗೆ ಒಟ್ಟು ವೆಚ್ಚ ಮತ್ತು ಬೆಂಬಲವನ್ನು ಗಣನೆಗೆ ತೆಗೆದುಕೊಳ್ಳುವಂತೆ ತಿಳಿಸುತ್ತದೆ.

8. ಒಂದು ತಪ್ಪು ಎಲ್ಲ ಕಛೇರಿಗಳಿಗೂ ಹರಡದಂತೆ ತಡೆಯುವ ಕ್ರಮಗಳು

ಕೈಯಿಂದ ಮಾಡಿದ ತಪ್ಪು ಒಂದು ಕಛೇರಿಯನ್ನು ನಿಲ್ಲಿಸುತ್ತದೆ. ವೇದಿಕೆಯ ಮೂಲಕ ಮಾಡಿದ ತಪ್ಪು ಕೆಲವೇ ನಿಮಿಷಗಳಲ್ಲಿ ಎಲ್ಲ ಕಛೇರಿಗಳನ್ನೂ ನಿಲ್ಲಿಸಬಲ್ಲದು. ಆದ್ದರಿಂದ ವೇಗವೊಂದೇ ಗುಣವಲ್ಲ.

ಜಾಲದ ತಿರುಳಿನಲ್ಲಿ ಆದ ಒಂದು ತಪ್ಪು ಎಷ್ಟು ದೂರ ಹರಡಬಲ್ಲದು ಎಂಬುದಕ್ಕೆ ಕೆನಡಾ ದೇಶದ ಉದಾಹರಣೆಯಿದೆ. 2022ರ ಜುಲೈ 8ರಂದು ಅಲ್ಲಿನ ರೋಜರ್ಸ್ ದೂರಸಂಪರ್ಕ ಜಾಲವು ದೇಶದಾದ್ಯಂತ ಸ್ಥಗಿತಗೊಂಡು 1.2 ಕೋಟಿಗೂ ಹೆಚ್ಚು ಗ್ರಾಹಕರಿಗೆ ತೊಂದರೆಯಾಯಿತು. ತುರ್ತು ಕರೆಗಳು ಮತ್ತು ಅಂಗಡಿಗಳಲ್ಲಿನ ಡೆಬಿಟ್ ಪಾವತಿಗಳಿಗೂ ಅಡಚಣೆಯುಂಟಾಯಿತು. ಹಂತ ಹಂತವಾಗಿ ನಡೆಯುತ್ತಿದ್ದ ಜಾಲ ಉನ್ನತೀಕರಣದ ವೇಳೆ ರೂಟರ್‌ಗಳಲ್ಲಿದ್ದ ಒಂದು ಶೋಧಕ ನಿಯಮವನ್ನು ತೆಗೆದುಹಾಕಿದ್ದು ಇದಕ್ಕೆ ಕಾರಣವಾಗಿತ್ತು. ನಂತರ ನಡೆದ ಸ್ವತಂತ್ರ ಪರಿಶೀಲನೆಯಲ್ಲಿ ಎರಡು ಸಂಗತಿಗಳು ಕಂಡುಬಂದವು. ಹಿಂದಿನ ಹಂತಗಳು ಸುಸೂತ್ರವಾಗಿ ಮುಗಿದಿದ್ದರಿಂದ ಈ ಹಂತದ ಅಪಾಯದ ಮಟ್ಟವನ್ನು ಕಡಿಮೆ ಎಂದು ಗುರುತಿಸಲಾಗಿತ್ತು. ಅಲ್ಲದೆ ಜಾಲವನ್ನು ನಿರ್ವಹಿಸುವ ದಾರಿಯೂ ಅದೇ ಜಾಲವನ್ನು ಅವಲಂಬಿಸಿದ್ದರಿಂದ, ದುರಸ್ತಿ ಮಾಡಬೇಕಾದ ಸಿಬ್ಬಂದಿಗೆ ಉಪಕರಣಗಳೇ ಕೈಗೆ ಸಿಗಲಿಲ್ಲ.

ಇಂತಹ ಸಂದರ್ಭಗಳನ್ನು ತಡೆಯಲು ಕೆಳಕಂಡ ಕ್ರಮಗಳು ಅವಶ್ಯಕ.

- ಪರೀಕ್ಷಾ ಚಾಲನೆ: ಉಪಕರಣವನ್ನು ಮುಟ್ಟದೆ, ಏನು ಬದಲಾಗಲಿದೆ ಎಂಬುದನ್ನು ಮಾತ್ರ ತೋರಿಸುವ ವಿಧಾನ. ಅನುಮೋದಿಸುವ ಅಧಿಕಾರಿಯು ಈ ಪಟ್ಟಿಯನ್ನು ನೋಡಿದ ನಂತರವೇ ಒಪ್ಪಿಗೆ ನೀಡತಕ್ಕದ್ದು.
- ತಂಡಗಳಲ್ಲಿ ಜಾರಿ: ಮೊದಲು 1 ಕಛೇರಿ, ನಂತರ 5, ಆನಂತರ ಉಳಿದವು ಎಂದು ಪ್ಲೇಬುಕ್‌ನಲ್ಲಿಯೇ ಬರೆಯಬಹುದು. ವಿಫಲವಾದ ಪ್ರಮಾಣವು ಮಿತಿ ಮೀರಿದ ಕೂಡಲೇ ಕೆಲಸವು ಅಲ್ಲಿಗೇ ನಿಲ್ಲುವಂತೆಯೂ ಗೊತ್ತುಪಡಿಸಬಹುದು.
- ತಾನಾಗಿ ಹಿಂದಿರುಗುವ ವ್ಯವಸ್ಥೆ: ಜುನಿಪರ್ ಕಂಪನಿಯ ರೂಟರ್‌ಗಳಲ್ಲಿ ಬದಲಾವಣೆಯನ್ನು ಷರತ್ತಿನ ಮೇಲೆ ಜಾರಿಗೊಳಿಸಬಹುದು. ಬೇರೆ ಅವಧಿ ಸೂಚಿಸದಿದ್ದಲ್ಲಿ 10 ನಿಮಿಷದೊಳಗೆ ಮತ್ತೊಮ್ಮೆ ದೃಢೀಕರಿಸಬೇಕು, ಇಲ್ಲವಾದರೆ ಹಳೆಯ ಸಂರಚನೆಯೇ ಮರಳುತ್ತದೆ. ಬದಲಾವಣೆಯಿಂದ ಸಂಪರ್ಕವೇ ಕಡಿದುಹೋದರೆ ದೃಢೀಕರಿಸಲು ಯಾರಿಗೂ ಸಾಧ್ಯವಾಗದು, ಆದ್ದರಿಂದ ಉಪಕರಣವು ತಾನಾಗಿಯೇ ಸರಿಹೋಗುತ್ತದೆ.
- ಪ್ರತ್ಯೇಕ ದಾರಿ: ಮುಖ್ಯ ಜಾಲ ನಿಂತರೂ ಉಪಕರಣಗಳನ್ನು ತಲುಪಲು ಬೇರೊಂದು ಸಂಪರ್ಕವಿರಬೇಕು. ವೇದಿಕೆ ಮತ್ತು ಸಮೂಹವು ಸಂಪೂರ್ಣವಾಗಿ ತಾವು ನಿರ್ವಹಿಸುವ ಜಾಲವನ್ನೇ ಅವಲಂಬಿಸಿರಬಾರದು.
- ವೇಳೆಯ ಆಯ್ಕೆ: ಬದಲಾವಣೆಗಳನ್ನು ಕೌಂಟರ್ ವೇಳೆಯ ಹೊರಗೆ ಮತ್ತು ಅರ್ಜಿಗಳ ಕೊನೆಯ ದಿನಾಂಕಗಳಿಂದ ದೂರವಿಟ್ಟು ಮಾಡಬೇಕು.

9. ದಾಖಲೆ ಮತ್ತು ಹೊಣೆಗಾರಿಕೆ

ವೇದಿಕೆಯ ಮೂಲಕ ನಡೆದ ಪ್ರತಿ ಕೆಲಸಕ್ಕೂ ಒಂದು ಕ್ರಮಸಂಖ್ಯೆ, ಆರಂಭಿಸಿದವರ ಹೆಸರು, ದಿನಾಂಕ, ವೇಳೆ, ಉಪಕರಣಗಳ ಪಟ್ಟಿ ಮತ್ತು ಫಲಿತಾಂಶ ದಾಖಲಾಗುತ್ತದೆ. ಇದು ವೋಚರ್ ಇಲ್ಲದೆ ಯಾವ ಖರ್ಚೂ ಇಲ್ಲ ಎಂಬ ನಿಯಮಕ್ಕೆ ಸಮಾನ. ಭಾರತೀಯ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಅವುಗಳಂತೆ ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳವರೆಗೆ ಕಾಯ್ದಿಡಬೇಕು, ನಿರ್ದಿಷ್ಟಪಡಿಸಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಮತ್ತು ಎಲ್ಲ ವ್ಯವಸ್ಥೆಗಳ ಗಡಿಯಾರಗಳು ಒಂದೇ ಕಾಲವನ್ನು ತೋರಿಸುವಂತಿರಬೇಕು. ಕಂಟೇನರ್‌ಗಳು ಅಳಿಸಿಹೋಗುವಂಥವು ಆದ್ದರಿಂದ, ಅವುಗಳ ದಾಖಲೆಗಳನ್ನು ಸಮೂಹದ ಹೊರಗೆ ಸಂಗ್ರಹಿಸಿದಾಗ ಮಾತ್ರ ಈ ನಿರ್ದೇಶನವನ್ನು ಪಾಲಿಸಲು ಸಾಧ್ಯ.

ಈ ವೇದಿಕೆಯ ಕೆಲಸಕ್ಕೆ ಅರ್ಜಿದಾರರ ಹೆಸರು, ಆಧಾರ್ ಸಂಖ್ಯೆ ಅಥವಾ ದಾಖಲಾತಿಗಳು ಬೇಕಾಗುವುದಿಲ್ಲ. ಅದು ದಾರಿಯನ್ನು ನಿರ್ವಹಿಸುತ್ತದೆಯೇ ಹೊರತು ದಾರಿಯಲ್ಲಿ ಸಾಗುವ ಅರ್ಜಿಯನ್ನಲ್ಲ.

10. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಡಿ ಅಧಿಸೂಚಿತವಾದ ಸೇವೆಗಳಿಗೆ ನಿಗದಿತ ಕಾಲಮಿತಿ ಇರುತ್ತದೆ. ಅರ್ಜಿ ಸ್ವೀಕರಿಸಿದಾಗ ಸ್ವೀಕೃತಿ ಮತ್ತು 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯನ್ನು ನೀಡಲಾಗುತ್ತದೆ. ಕಾಲಮಿತಿ ಮೀರಿದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ಆದ್ದರಿಂದ,

(1) ಸ್ವೀಕೃತಿ ಪಡೆಯದೆ ಅರ್ಜಿ ಸಲ್ಲಿಕೆಯಾಗಿದೆ ಎಂದು ಭಾವಿಸಬಾರದು.
(2) ಶುಲ್ಕ ಕಡಿತವಾಗಿ ಸ್ವೀಕೃತಿ ಬಾರದಿದ್ದಲ್ಲಿ, ಪಾವತಿಯ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಮೊದಲ ಪಾವತಿಯ ಸ್ಥಿತಿಯನ್ನು ತಿಳಿಯದೆ ಎರಡನೆಯ ಬಾರಿ ಪಾವತಿಸಬಾರದು.
(3) ಜಾಲ ಸ್ಥಗಿತವಾಗಿದೆ ಎಂದು ತಿಳಿಸಿದಲ್ಲಿ ದಿನಾಂಕ, ವೇಳೆ ಮತ್ತು ಕೌಂಟರ್ ಸಂಖ್ಯೆಯನ್ನು ಗುರುತು ಮಾಡಿಕೊಳ್ಳುವುದು ಒಳಿತು.
(4) ಕೊನೆಯ ದಿನಾಂಕದವರೆಗೆ ಕಾಯದೆ ಅರ್ಜಿ ಸಲ್ಲಿಸುವುದು ಸೂಕ್ತ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇಂತಹ ವೇದಿಕೆ ಇದ್ದಲ್ಲಿ "ಸರ್ವರ್ ಇಲ್ಲ" ಎಂಬ ಸ್ಥಿತಿ ಇನ್ನು ಬರುವುದಿಲ್ಲವೇ?
ಉತ್ತರ: ಬರಬಹುದು. ತುಂಡಾದ ಕೇಬಲನ್ನು ಯಾವ ತಂತ್ರಾಂಶವೂ ಜೋಡಿಸಲಾರದು. ಸಂರಚನೆಯ ತಪ್ಪಿನಿಂದ ಆಗುವ ಸ್ಥಗಿತಗಳು ಕಡಿಮೆಯಾಗುತ್ತವೆ. ಕೆಟ್ಟ ರೂಟರಿನ ಬದಲಿಗೆ ಹೊಸದನ್ನು ಇಟ್ಟಾಗ, ಕಾಯ್ದಿಟ್ಟ ಸಂರಚನೆಯನ್ನು ಶೀಘ್ರವಾಗಿ ತುಂಬಲೂ ಸಾಧ್ಯವಾಗುತ್ತದೆ.

ಪ್ರಶ್ನೆ: ವೇದಿಕೆಯೇ ನಿಂತುಹೋದರೆ ಕೌಂಟರುಗಳು ನಿಲ್ಲುತ್ತವೆಯೇ?
ಉತ್ತರ: ಇಲ್ಲ. ರೂಟರ್‌ಗಳು ತಮ್ಮಲ್ಲಿರುವ ಸಂರಚನೆಯಂತೆ ಕೆಲಸ ಮುಂದುವರಿಸುತ್ತವೆ. ಹೊಸ ಬದಲಾವಣೆಗಳನ್ನು ಮಾತ್ರ ವೇದಿಕೆ ಸರಿಹೋಗುವವರೆಗೆ ತಡೆಹಿಡಿಯಬೇಕಾಗುತ್ತದೆ.

ಪ್ರಶ್ನೆ: ಯಂತ್ರವೇ ಬದಲಾವಣೆ ಮಾಡುವುದಾದರೆ ತಪ್ಪಿಗೆ ಹೊಣೆ ಯಾರು?
ಉತ್ತರ: ಆದೇಶವನ್ನು ಬರೆದವರು ಮತ್ತು ಅನುಮೋದಿಸಿದವರು. ಯಂತ್ರವು ಜಾರಿಗೊಳಿಸುತ್ತದೆ, ನಿರ್ಧರಿಸುವುದಿಲ್ಲ. ಇಬ್ಬರ ಹೆಸರೂ ದಾಖಲೆಯಲ್ಲಿರುತ್ತದೆ.

ಪ್ರಶ್ನೆ: ಜಾಲ ಸ್ಥಗಿತದ ಬಗ್ಗೆ ಮಾಹಿತಿ ಕೇಳಬಹುದೇ?
ಉತ್ತರ: ಕೇಳಬಹುದು. ನಿಗದಿತ ದಿನದಂದು ಸೇವೆ ಎಷ್ಟು ಹೊತ್ತು ಸ್ಥಗಿತವಾಗಿತ್ತು ಎಂಬ ಮಾಹಿತಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಮಿತಿಯಿದೆ.

12. ಮುಕ್ತಾಯ

ಜಾಲದಲ್ಲಿ ಆಗುವ ಪ್ರತಿ ಬದಲಾವಣೆಯೂ ಲಿಖಿತವಾಗಿರಬೇಕು, ಇನ್ನೊಬ್ಬರು ಪರಿಶೀಲಿಸಿದ್ದಾಗಿರಬೇಕು, ಮೊದಲು ಒಂದು ಕಡೆ ಪರೀಕ್ಷಿಸಿದ್ದಾಗಿರಬೇಕು, ಹಿಂದಕ್ಕೆ ಪಡೆಯಲು ಬರುವಂತಿರಬೇಕು ಮತ್ತು ದಾಖಲೆಯಲ್ಲಿ ಉಳಿಯಬೇಕು. ಸ್ವಯಂಚಾಲನಾ ವೇದಿಕೆಯೂ ಕಂಟೇನರ್ ಸಮೂಹವೂ ಈ ಐದು ಅಂಶಗಳನ್ನು ಸುಲಭಗೊಳಿಸುವ ಸಾಧನಗಳು ಮಾತ್ರ. ಈ ಶಿಸ್ತು ಪಾಲನೆಯಾದಲ್ಲಿ ಕೌಂಟರಿನ ಮುಂದೆ ನಿಂತಿರುವ ಅರ್ಜಿದಾರರಿಗೆ "ಸರ್ವರ್ ಇಲ್ಲ" ಎಂಬ ಮಾತಿನ ಬದಲು, ಏನು ನಿಂತಿದೆ, ಯಾವ ವೇಳೆಯಿಂದ ನಿಂತಿದೆ, ಯಾವಾಗ ಸರಿಹೋಗಬಹುದು ಎಂಬ ಖಚಿತ ಉತ್ತರವನ್ನು ನೀಡಲು ಸಾಧ್ಯವಾಗುತ್ತದೆ. ಅಂತಹ ಉತ್ತರವನ್ನು ಕೇಳಿ ಪಡೆಯುವುದು ಅರ್ಜಿದಾರರ ಹಕ್ಕಾಗಿರುತ್ತದೆ.

ಹೆಚ್ಚಿನ ವಿವರಗಳಿಗಾಗಿ ಅರ್ಜಿ ಸಲ್ಲಿಸಿದ ಕಛೇರಿಯನ್ನು ಕಛೇರಿ ವೇಳೆಯಲ್ಲಿ, ಸ್ವೀಕೃತಿಯೊಂದಿಗೆ ಸಂಪರ್ಕಿಸಬಹುದು.